ಉಕ್ರೇನಿನ ಮಕ್ಕಳಿಗೆ, ಕುಟುಂಬಗಳಿಗೆ ಹೊರದೇಶದಲ್ಲಿ ಆಸರೆ: ಯಾವ ದಾರಿ ತೆರೆದಿದೆ, ಯಾವ ಕಾಗದ ಬೇಕು, ಪೂರ್ತಿ ವಿವರ

ಇಂಗ್ಲೆಂಡ್, ಜರ್ಮನಿ ಕಡೆ ಇರೋ ಕನ್ನಡದವರು ಆಗಾಗ ಕೇಳೋ ಪ್ರಶ್ನೆ ಇದು. ಪಕ್ಕದ ಮನೇಲಿ ಉಕ್ರೇನ್‌ನಿಂದ ಬಂದಿರೋ ಕುಟುಂಬ ಇದೆ, ಅವರ ಅಕ್ಕನ ಮಗ ಇನ್ನೂ ಖಾರ್ಕಿವ್‌ನಲ್ಲೇ ಇದ್ದಾನೆ, ಅವನನ್ನ ಕರೆಸ್ಕೊಳ್ಳೋಕೆ ನಾವೇನಾದ್ರೂ ಸಹಾಯ ಮಾಡಬಹುದಾ ಅಂತ. ಮಾಡಬಹುದು, ಆದ್ರೆ 2022ರಲ್ಲಿ ಇದ್ದ ದಾರಿಗಳೆಲ್ಲ ಈಗ ಇಲ್ಲ, ಎಷ್ಟೋ ಮುಚ್ಚಿಹೋಗಿವೆ, ಕೆಲವು ಹೆಸರು ಅದೇ ಇದ್ರೂ ಒಳಗಿನ ರೂಲ್ಸ್ ಬದಲಾಗಿವೆ, ಹಳೇ ವಿಡಿಯೋ ನೋಡ್ಕೊಂಡು ಹೊರಟವರು ಬಾರ್ಡರಲ್ಲೋ ಆಫೀಸಲ್ಲೋ ಸಿಕ್ಕಿಹಾಕ್ಕೊಳ್ತಾರೆ. ಅದಕ್ಕೇ ಒಂದೇ ಕಡೆ ಎಲ್ಲಾ ಬರೀತಿದ್ದೀನಿ, ಸ್ವಲ್ಪ ಉದ್ದ ಆಗುತ್ತೆ.

ಒಂದು ಮಾತು ಮೊದ್ಲೇ ಹೇಳ್ಬಿಡ್ತೀನಿ. ಎಲ್ಲರೂ ಶುರು ಮಾಡೋದು "ಯಾವ ದೇಶ ವೀಸಾ ಕೊಡುತ್ತೆ" ಅನ್ನೋ ಪ್ರಶ್ನೆಯಿಂದ. ಮಕ್ಕಳ ವಿಷಯದಲ್ಲಿ ಅದು ಎರಡನೇ ಪ್ರಶ್ನೆ. ಕಾನೂನಿನ ಪ್ರಕಾರ ಈ ಮಗು ಯಾರ ಜವಾಬ್ದಾರಿ, ಅದಕ್ಕೆ ಕಾಗದ ಇದೆಯಾ, ಇದು ಮೊದಲನೇ ಪ್ರಶ್ನೆ. ತಾಯಿನೇ ಮಗೂನ ಕರ್ಕೊಂಡು ಬರ್ತಿದ್ರೆ ಕೆಲಸ ಸುಲಭ. ಅಜ್ಜಿ, ಚಿಕ್ಕಮ್ಮ, ಮನೆಯವರಿಗೆ ಪರಿಚಯದವರು, ಅಥವಾ ಮಗು ಒಂದೇ ಬರ್ತಿದೆ ಅಂದ್ರೆ ತೊಂಬತ್ತು ಪಾಲು ಕೆಲಸ ವೀಸಾ ಅಪ್ಲಿಕೇಶನ್‌ಗಿಂತ ಮೊದ್ಲೇ ಇರುತ್ತೆ.

ಹಂತ 1: ಉಕ್ರೇನ್ ಗಡಿ ದಾಟೋದು

ಯುದ್ಧಕಾಲದ ಕಾನೂನು ಜಾರಿ ಆದ್ಮೇಲೆ ಮಕ್ಕಳು ಗಡಿ ದಾಟೋ ನಿಯಮನ ಉಕ್ರೇನ್ ಸರ್ಕಾರ ಸಡಿಲ ಮಾಡ್ತು. 16 ವರ್ಷದ ಒಳಗಿನ ಮಗು ಅಪ್ಪ ಅಮ್ಮ ಇಬ್ಬರಲ್ಲಿ ಒಬ್ಬರ ಜೊತೆ ಹೋಗಬಹುದು, ಇನ್ನೊಬ್ಬರ ನೋಟರಿ ಒಪ್ಪಿಗೆ ಗಡಿಯಲ್ಲಿ ಕೇಳಲ್ಲ. ಅಜ್ಜಿ, ತಾತ, ವಯಸ್ಸಿಗೆ ಬಂದ ಅಣ್ಣ ಅಕ್ಕ, ಮಲತಂದೆ ಮಲತಾಯಿ ಜೊತೆಗೂ ಹೋಗಬಹುದು. ಇವರ್ಯಾರೂ ಅಲ್ದೆ ಬೇರೆಯವರು ಕರ್ಕೊಂಡು ಹೋಗ್ತಿದ್ರೆ ಅಪ್ಪನೋ ಅಮ್ಮನೋ ಬರೆದುಕೊಟ್ಟ ಪತ್ರ ಬೇಕು, ಅದರ ಮೇಲೆ ಅಲ್ಲಿನ ಗಾರ್ಡಿಯನ್‌ಶಿಪ್ ಪ್ರಾಧಿಕಾರದ (ಮಕ್ಕಳ ಪಾಲನೆ ನೋಡ್ಕೊಳ್ಳೋ ಸರ್ಕಾರಿ ಕಚೇರಿ) ಮುದ್ರೆ ಬಿದ್ದಿರಬೇಕು. 16 ತುಂಬಿದವರು ಒಬ್ಬರೇ ಹೋಗಬಹುದು.

ಇಲ್ಲೇ ಜನ ಎಡವೋದು. ಗಡಿ ದಾಟೋಕೆ ಒಪ್ಪಿಗೆ ಬೇಕಾಗಿಲ್ಲ ಅಂದ ಮಾತ್ರಕ್ಕೆ ಇನ್ನೊಬ್ಬ ಪೋಷಕರ ಹಕ್ಕು ಹೋಗಲ್ಲ. ಗಂಡ ಹೆಂಡತಿ ಬೇರೆಯಾಗಿದ್ದು, ಅಪ್ಪನಿಗೆ ಹೇಳದೆ ಅಮ್ಮ ಮಗೂನ ಕರ್ಕೊಂಡು ಹೊರಟ್ರೆ, ಮುಂದೆ ಅಪ್ಪ 1980ರ ಹೇಗ್ ಒಪ್ಪಂದದ ಅಡಿಯಲ್ಲಿ ಮಗೂನ ವಾಪಸ್ ಕಳಿಸಿ ಅಂತ ಕೇಸ್ ಹಾಕಬಹುದು. ಬ್ರಿಟನ್ನು, ಯುರೋಪಿಯನ್ ಒಕ್ಕೂಟದ ದೇಶಗಳು, ಉಕ್ರೇನ್ ಎಲ್ಲ ಆ ಒಪ್ಪಂದದಲ್ಲಿವೆ. ಹಾಗಾಗಿ ಮಾತುಕತೆ ಇರೋ ತನಕ, ಫೋನ್ ಸಿಗೋ ತನಕ, ಇನ್ನೊಬ್ಬರಿಂದ ನೋಟರಿ ಒಪ್ಪಿಗೆ ತಗೊಂಡೇ ಹೊರಡಿ. ಅಪ್ಪ ಸೈನ್ಯದಲ್ಲಿದ್ದು ನೋಟರಿ ಹತ್ರ ಹೋಗೋಕೆ ಆಗಲ್ಲ ಅಂದ್ರೆ ಯುದ್ಧಕಾಲದ ನಿಯಮದಲ್ಲಿ ಅವನ ಕಮಾಂಡರ್ ಮುಂದೆ ಸಹಿ ಹಾಕಿದ ಅಧಿಕಾರ ಪತ್ರಕ್ಕೂ ನೋಟರಿ ಪತ್ರದಷ್ಟೇ ಬೆಲೆ ಇದೆ, ಇದು ಎಷ್ಟೋ ಜನಕ್ಕೆ ಗೊತ್ತಿಲ್ಲ.

ಗಂಡಸರ ವಿಷಯ: 18ರಿಂದ 60ರ ಒಳಗಿನವರು ಸಾಮಾನ್ಯವಾಗಿ ಹೊರಗೆ ಹೋಗೋ ಹಾಗಿಲ್ಲ. ಮೂರು ಅಥವಾ ಹೆಚ್ಚು ಅಪ್ರಾಪ್ತ ಮಕ್ಕಳಿರೋ ಅಪ್ಪ, ತಾಯಿ ಇಲ್ದೆ ತಾನೊಬ್ಬನೇ ಮಗೂನ ಸಾಕ್ತಿರೋ ಅಪ್ಪ, ಅಂಗವಿಕಲ ಮಗುವಿನ ಅಪ್ಪ, ಇಂಥವರಿಗೆ ವಿನಾಯಿತಿ ಇದೆ, ಆದ್ರೆ ಬಾಯಲ್ಲಿ ಹೇಳಿದ್ರೆ ಸಾಲಲ್ಲ, ಪ್ರತಿ ಮಗುವಿನ ಜನನ ಪತ್ರ, ಮಿಲಿಟರಿ ರಿಜಿಸ್ಟ್ರೇಷನ್ ಕಾಗದ ಎಲ್ಲ ಕೈಯಲ್ಲಿರಬೇಕು. 2025ರ ಆಗಸ್ಟ್ ಕೊನೆಯಿಂದ 18ರಿಂದ 22 ವರ್ಷದ ಹುಡುಗರಿಗೂ ಹೋಗೋಕೆ ಬಿಟ್ಟಿದ್ದಾರೆ. ಮಗನಿಗೆ 18 ಆಗೋದ್ರೊಳಗೆ ಹೇಗಾದ್ರೂ ದಾಟಿಸಬೇಕು ಅಂತ ಒದ್ದಾಡ್ತಿದ್ದ ತಾಯಂದಿರಿಗೆ ಇದು ದೊಡ್ಡ ನಿರಾಳ.

ಹಂತ 2: ಒಪ್ಪಿಗೆ ಪತ್ರದಲ್ಲಿ ಏನೇನಿರಬೇಕು

ಇದನ್ನ ಸ್ವಲ್ಪ ನಿಧಾನವಾಗಿ ಓದಿ. "ನನ್ನ ಮಗಳು ಚಿಕ್ಕಮ್ಮನ ಜೊತೆ ಹೋಗಲು ಒಪ್ಪಿದ್ದೇನೆ" ಅಂತ ಒಂದು ಸಾಲು ಬರೆಸ್ಕೊಂಡು ಬಂದ್ರೆ ಅದು ಗಡಿಗೆ ಸಾಕಾಗಬಹುದು, ಆಮೇಲೆ ಯಾವುದಕ್ಕೂ ಸಾಲಲ್ಲ. ಮಗೂಗೆ ಅಪೆಂಡಿಕ್ಸ್ ಆಪರೇಷನ್ ಬೇಕಾದ್ರೆ ಆಸ್ಪತ್ರೆಯವರು ಯಾರ ಸಹಿ ಕೇಳ್ತಾರೆ? ಸ್ಕೂಲಿಗೆ ಸೇರಿಸೋದು ಯಾರು? ಪಾಸ್‌ಪೋರ್ಟ್ ಅವಧಿ ಮುಗಿದ್ರೆ ಕಾನ್ಸುಲೇಟಲ್ಲಿ ಅರ್ಜಿ ಹಾಕೋದು ಯಾರು? ಆದ್ದರಿಂದ ಪತ್ರದಲ್ಲಿ ಇಷ್ಟು ಇರಲಿ: ಅಪ್ಪ ಅಮ್ಮನ ಪೂರ್ತಿ ಹೆಸರು, ಪಾಸ್‌ಪೋರ್ಟ್ ನಂಬರ್, ಮಗುವಿನ ಹೆಸರು, ಹುಟ್ಟಿದ ದಿನ, ಪಾಸ್‌ಪೋರ್ಟ್ ನಂಬರ್, ಕರ್ಕೊಂಡು ಹೋಗೋರ ವಿವರ, ಯಾವ ದೇಶ, ಯಾವ ವಿಳಾಸದಲ್ಲಿ ಯಾರ ಜೊತೆ ಇರುತ್ತೆ, ಎಷ್ಟು ದಿನಕ್ಕೆ. ಆಮೇಲೆ ಚಿಕಿತ್ಸೆ, ಸ್ಕೂಲು, ವೀಸಾ ಅರ್ಜಿ, ಪಾಸ್‌ಪೋರ್ಟ್ ಅರ್ಜಿ ಈ ನಾಲ್ಕಕ್ಕೂ ಆ ವ್ಯಕ್ತಿಗೆ ಅಧಿಕಾರ ಕೊಟ್ಟಿದೆ ಅಂತ ಬಿಡಿಬಿಡಿಯಾಗಿ ಬರೆದಿರಬೇಕು. ಒರಿಜಿನಲ್ ಎರಡು ಪ್ರತಿ ಮಾಡಿಸಿ, ಒಂದು ಮಗುವಿನ ಜೊತೆ ಇರಲಿ, ಒಂದು ಅಪ್ಪ ಅಮ್ಮನ ಹತ್ರ.

ಹೆಸರಿನ ಸ್ಪೆಲ್ಲಿಂಗ್ ನೋಡ್ಕೊಳ್ಳಿ. ತಾಯಿಯ ಹಳೇ ಕಾಗದದಲ್ಲಿ ರಷ್ಯನ್ ರೀತಿ ಎಲೆನಾ ಅಂತ ಇರುತ್ತೆ, ಪಾಸ್‌ಪೋರ್ಟಲ್ಲಿ ಉಕ್ರೇನಿಯನ್ ರೀತಿ ಒಲೆನಾ ಅಂತ ಇರುತ್ತೆ, ಮಗುವಿನ ಜನನ ಪತ್ರದಲ್ಲಿ ಇನ್ನೊಂದು. ಜೊತೆಗೆ ತಾಯಿ ಮತ್ತೆ ಮದುವೆಯಾಗಿ ಸರ್‌ನೇಮ್ ಬದಲಾಗಿದ್ರೆ ಮಗು ಅವಳದೇ ಅಂತ ತೋರಿಸೋಕೆ ಮದುವೆ ಪತ್ರನೂ ಬೇಕಾಗುತ್ತೆ. ಅಪ್ಲಿಕೇಶನ್ ಫಾರ್ಮಲ್ಲಿ ಯಾವಾಗ್ಲೂ ಪಾಸ್‌ಪೋರ್ಟಲ್ಲಿ ಇರೋ ಹಾಗೇ ಬರೀರಿ, ಬೇರೆ ರೂಪ ಇದ್ರೆ "ಇತರ ಹೆಸರು" ಅನ್ನೋ ಜಾಗದಲ್ಲಿ ಹಾಕಿ.

ಜನನ ಪತ್ರ ಕಳೆದುಹೋಗಿದ್ರೆ ಉಕ್ರೇನ್‌ನಲ್ಲಿ ಸಿವಿಲ್ ರಿಜಿಸ್ಟ್ರಿಯಿಂದ, ಹೊರಗಿದ್ರೆ ಕಾನ್ಸುಲೇಟ್ ಮೂಲಕ ಮರುಪ್ರತಿ ತಗೋಬಹುದು. ರಷ್ಯಾ ಹಿಡಿದಿರೋ ಪ್ರದೇಶದಲ್ಲಿ ಹುಟ್ಟಿದ ಮಗು ಆಗಿದ್ರೆ ಅಲ್ಲಿನ ಆಡಳಿತ ಕೊಟ್ಟ ಜನನ ಪತ್ರನ ಉಕ್ರೇನ್ ಒಪ್ಪಲ್ಲ, ಉಕ್ರೇನಿನ ಕೋರ್ಟ್‌ನಲ್ಲಿ ಮಗು ಹುಟ್ಟಿದ್ದು ನಿಜ ಅಂತ ತೀರ್ಪು ತಗೊಂಡು ಆಮೇಲೆ ಪತ್ರ ಮಾಡಿಸಬೇಕು. ಅಪ್ಪ ಅಮ್ಮ ತೀರಿಕೊಂಡಿದ್ರೆ, ನಾಪತ್ತೆ ಆಗಿದ್ರೆ, ಗಾರ್ಡಿಯನ್‌ಶಿಪ್ ಪ್ರಾಧಿಕಾರದ ಆದೇಶ ಇಲ್ದೆ ಮುಂದಕ್ಕೆ ಹೋಗೋ ಪ್ರಯತ್ನನೇ ಬೇಡ. ಅನಾಥಾಲಯ, ಬೋರ್ಡಿಂಗ್ ಸಂಸ್ಥೆಗಳ ಮಕ್ಕಳ ವಿಷಯ ಇನ್ನೂ ಬಿಗಿ, ಅವರನ್ನ ಸರ್ಕಾರದ ಅನುಮತಿ ಮೇಲೆ ಗುಂಪಾಗಿಯೇ ಸ್ಥಳಾಂತರ ಮಾಡ್ತಾರೆ, ಹೋದ ದೇಶದಲ್ಲಿ ಉಕ್ರೇನ್ ಕಾನ್ಸುಲೇಟಿಗೆ ಲೆಕ್ಕ ಕೊಡಬೇಕು. ದತ್ತು ತಗೋತೀವಿ ಅಂತ ಒಳ್ಳೇ ಮನಸ್ಸಿಂದ ಕೇಳೋರಿದ್ದಾರೆ, ದಯವಿಟ್ಟು ಆ ಯೋಚನೆ ಬಿಡಿ, ಆ ಮಕ್ಕಳಲ್ಲಿ ಎಷ್ಟೋ ಜನಕ್ಕೆ ಅಪ್ಪನೋ ಅಮ್ಮನೋ ಬದುಕಿದ್ದಾರೆ.

ಹಂತ 3: ಯುರೋಪಿಯನ್ ಒಕ್ಕೂಟ, ಈಗಲೂ ತೆರೆದಿರೋ ದೊಡ್ಡ ಬಾಗಿಲು

ಇಲ್ಲಿ ಮುಂಚಿತವಾಗಿ ವೀಸಾನೇ ಬೇಡ. ಬಯೋಮೆಟ್ರಿಕ್ ಪಾಸ್‌ಪೋರ್ಟ್ ಇರೋ ಉಕ್ರೇನಿಯನ್ನರಿಗೆ 2017ರ ಜೂನ್‌ನಿಂದಲೇ ಷೆಂಗೆನ್‌ಗೆ (ಒಳಗೆ ಗಡಿ ತಪಾಸಣೆ ಇಲ್ಲದ ಯುರೋಪಿನ ದೇಶಗಳ ಗುಂಪು) 90 ದಿನ ವೀಸಾ ಇಲ್ದೆ ಪ್ರವೇಶ ಇದೆ. ಅದರ ಮೇಲೆ 2022ರ ಮಾರ್ಚ್ 4ರಂದು ಒಕ್ಕೂಟ ತಾತ್ಕಾಲಿಕ ರಕ್ಷಣೆ ಅನ್ನೋ ವ್ಯವಸ್ಥೆ ಜಾರಿಗೆ ತಂತು. ಆ ಕಾನೂನು 2001ರಿಂದಲೇ ಪುಸ್ತಕದಲ್ಲಿತ್ತು, ಬಳಸಿದ್ದು ಅದೇ ಮೊದಲು. ವರ್ಷ ವರ್ಷ ಮುಂದಕ್ಕೆ ಹಾಕ್ತಾ ಬಂದು ಈಗ 2027ರ ಮಾರ್ಚ್ 4ರವರೆಗೆ ಇದೆ, ನಲವತ್ತು ಲಕ್ಷಕ್ಕೂ ಹೆಚ್ಚು ಜನ ಇದರ ಕೆಳಗಿದ್ದಾರೆ. ಇರೋಕೆ ಪರವಾನಗಿ, ಕೆಲಸ, ಮಕ್ಕಳಿಗೆ ಸ್ಕೂಲು, ವೈದ್ಯಕೀಯ ನೆರವು ಎಲ್ಲ ಇದರಲ್ಲೇ ಬರುತ್ತೆ.

ಯಾರಿಗೆ ಸಿಗುತ್ತೆ: 2022ರ ಫೆಬ್ರವರಿ 24ಕ್ಕೆ ಮುಂಚೆ ಉಕ್ರೇನಲ್ಲಿ ವಾಸ ಇದ್ದ ಉಕ್ರೇನ್ ಪ್ರಜೆಗಳು, ಅವರ ಕುಟುಂಬದವರು. ಗಂಡ ಭಾರತೀಯ, ಹೆಂಡತಿ ಉಕ್ರೇನಿಯನ್ ಅಂತ ಇರೋ ಮನೆಗಳೂ ಇವೆ, ಆ ದಿನಾಂಕಕ್ಕೆ ಮುಂಚೆನೇ ಉಕ್ರೇನಲ್ಲಿ ಒಟ್ಟಿಗೆ ಸಂಸಾರ ಮಾಡ್ತಿದ್ರೆ ಭಾರತದ ಪಾಸ್‌ಪೋರ್ಟ್ ಇರೋ ಗಂಡನೂ ಕುಟುಂಬ ಅಂತ ಸೇರ್ತಾನೆ. ಅಲ್ಲಿ ಓದ್ತಿದ್ದ ನಮ್ಮ ಮೆಡಿಕಲ್ ವಿದ್ಯಾರ್ಥಿಗಳು ಈ ಲೆಕ್ಕಕ್ಕೆ ಬರಲಿಲ್ಲ, ಯಾಕಂದ್ರೆ ಅವರಿಗೆ ವಾಪಸ್ ಹೋಗೋಕೆ ಸುರಕ್ಷಿತ ದೇಶ ಇದೆ.

ಮಾಡಬೇಕಾದ್ದು ಇಷ್ಟು. ಒಂದು ದೇಶ ಆರಿಸ್ಕೊಳ್ಳಿ, ಸಂಬಂಧಿಕರು ಇರೋ ಕಡೆ ಹೋಗೋದೇ ಒಳ್ಳೇದು. ಹೋದ ತಕ್ಷಣ ರಿಜಿಸ್ಟರ್ ಮಾಡಿ. ಪೋಲೆಂಡಲ್ಲಿ ಊರಿನ ಗ್ಮೀನಾ (ಸ್ಥಳೀಯ ಆಡಳಿತ) ಆಫೀಸಿಗೆ ಹೋಗಿ ಪೆಸೆಲ್ ಅನ್ನೋ ಗುರುತಿನ ನಂಬರ್ ತಗೋಬೇಕು, ಫೋಟೋ, ಕಾಗದ ಕೊಟ್ಟು ಬೆರಳಚ್ಚು ಹಾಕಬೇಕು, 12 ವರ್ಷದೊಳಗಿನ ಮಕ್ಕಳ ಬೆರಳಚ್ಚು ತಗೊಳ್ಳಲ್ಲ. ಜರ್ಮನೀಲಿ ವಿದೇಶಿಯರ ಆಫೀಸಲ್ಲಿ, ವಾಸ ಕಾನೂನಿನ 24ನೇ ಸೆಕ್ಷನ್ ಅಡಿಯಲ್ಲಿ ಪರ್ಮಿಟ್ ಕೊಡ್ತಾರೆ, ಕಾರ್ಡ್ ಬರೋ ತನಕ ಒಂದು ತಾತ್ಕಾಲಿಕ ಪತ್ರ ಕೊಡ್ತಾರೆ, ಅದನ್ನ ಜೋಪಾನ ಮಾಡಿ, ಬ್ಯಾಂಕು, ಸ್ಕೂಲು ಎಲ್ಲದಕ್ಕೂ ಅದೇ ಆಧಾರ. ಒಂದೇ ಸಲ ಎರಡು ದೇಶದಲ್ಲಿ ಈ ರಕ್ಷಣೆ ಇಟ್ಕೊಳ್ಳೋಕೆ ಆಗಲ್ಲ, ದೇಶಗಳು ಪರಸ್ಪರ ಲೆಕ್ಕ ನೋಡ್ತಾರೆ. ಪೋಲೆಂಡಲ್ಲಿ ಇದ್ದವರು 30 ದಿನಕ್ಕಿಂತ ಹೆಚ್ಚು ದೇಶದಿಂದ ಹೊರಗಿದ್ರೆ ಆ ಸ್ಥಾನಮಾನ ಹೋಗುತ್ತೆ. ಬೇಸಿಗೆ ರಜೆಗೆ ಅಪ್ಪನನ್ನ ನೋಡೋಕೆ ಲ್ವಿವ್‌ಗೆ ಹೋಗಿ ತಡವಾಗಿ ಬಂದ ಕುಟುಂಬಗಳು ಇದರಿಂದ ಕಷ್ಟಕ್ಕೆ ಸಿಕ್ಕಿವೆ, ತಾರೀಕು ಬರೆದಿಟ್ಕೊಳ್ಳಿ. ಅಲ್ಲಿ ಮಕ್ಕಳ ಭತ್ಯೆನೂ ಈಗ ಮಗು ಪೋಲಿಷ್ ಸ್ಕೂಲಿಗೆ ಹೋಗೋದರ ಮೇಲೆ ನಿಂತಿದೆ, ಮನೇಲಿ ಕೂತು ಉಕ್ರೇನ್ ಆನ್‌ಲೈನ್ ಕ್ಲಾಸ್ ಮಾತ್ರ ನೋಡಿದ್ರೆ ಆಗಲ್ಲ.

ಅಪ್ಪ ಅಮ್ಮ ಇಲ್ದೆ ಬಂದ ಮಗು ಆದ್ರೆ ಮೊದಲ ದಿನವೇ ಅಧಿಕಾರಿಗಳಿಗೆ ಹೇಳಿ. ಜರ್ಮನೀಲಿ ಯುಗೆಂಡ್‌ಆಮ್ಟ್ ಅಂತ ಮಕ್ಕಳ ಕಲ್ಯಾಣ ಕಚೇರಿ ಪ್ರತಿ ಜಿಲ್ಲೆಯಲ್ಲೂ, ದೊಡ್ಡ ನಗರದಲ್ಲೂ ಇದೆ, ಅವರು ಮಗು ಯಾರ ಜೊತೆ ಇರುತ್ತೆ ಅಂತ ಪರಿಶೀಲನೆ ಮಾಡ್ತಾರೆ. ಪೋಲೆಂಡಲ್ಲಿ 2022ರ ಮಾರ್ಚ್ 12ರ ವಿಶೇಷ ಕಾನೂನಲ್ಲಿ ತಾತ್ಕಾಲಿಕ ಪಾಲಕರನ್ನ ನೇಮಿಸೋ ವ್ಯವಸ್ಥೆ ತಂದ್ರು, ಅಜ್ಜಿಯೋ ಚಿಕ್ಕಮ್ಮನೋ ಫ್ಯಾಮಿಲಿ ಕೋರ್ಟಿಗೆ ಅರ್ಜಿ ಹಾಕಿ ಆ ಅಧಿಕಾರ ಪಡೀತಿದ್ರು. ಹೇಳಿದ್ರೆ ಮಗೂನ ಕಿತ್ಕೋತಾರೆ ಅಂತ ಹೆದರಿ ಮುಚ್ಚಿಡೋರು ಬಹಳ. ಮುಚ್ಚಿಟ್ರೇನೇ ತೊಂದರೆ, ಯಾವುದೋ ದಿನ ಸ್ಕೂಲಲ್ಲಿ ಗೊತ್ತಾಗುತ್ತೆ, ಆಗ ಸಂಶಯ ಬರುತ್ತೆ. ಒಪ್ಪಿಗೆ ಪತ್ರ ಸರಿಯಾಗಿದ್ದು ಸಂಬಂಧ ತೋರಿಸಿದ್ರೆ ಮಗೂನ ಅಜ್ಜಿ ಹತ್ರನೇ ಬಿಡೋಕೇ ಅವರು ನೋಡ್ತಾರೆ.

ಒಕ್ಕೂಟದ ಹೊರಗಿನ ಸ್ವಿಟ್ಜರ್ಲೆಂಡ್, ನಾರ್ವೆಯಲ್ಲೂ ಇದೇ ಥರ ವ್ಯವಸ್ಥೆ ಇದೆ, ಆದ್ರೆ ಅವರು ಈಗ ನೀವು ಉಕ್ರೇನಿನ ಯಾವ ಪ್ರಾಂತ್ಯದವರು ಅಂತ ನೋಡ್ತಾರೆ. ಲ್ವಿವ್, ವೋಲಿನ್, ಟೆರ್ನೋಪಿಲ್ ಥರ ಪಶ್ಚಿಮದ ಪ್ರಾಂತ್ಯದವರಿಗೆ ಮೊದಲಿನ ಹಾಗೆ ತಾನಾಗೇ ಸಿಗಲ್ಲ. ವಾಸದ ದಾಖಲೆ ಜೊತೆಗಿರಲಿ.

ಹಂತ 4: ಬ್ರಿಟನ್

ಇಲ್ಲಿ ಮೊದ್ಲು ವೀಸಾ, ಆಮೇಲೆ ಪ್ರಯಾಣ. ವೀಸಾ ಇಲ್ದೆ ಫ್ರಾನ್ಸಿನ ಕ್ಯಾಲೆ ಬಂದರಿನ ತನಕ ಬಂದು ನಿಂತ್ರೆ ಒಳಗೆ ಬಿಡಲ್ಲ. ಬ್ರಿಟನ್‌ನಲ್ಲಿರೋ ಸಂಬಂಧಿಕರ ಹತ್ರ ಬರೋಕೆ ಫ್ಯಾಮಿಲಿ ಸ್ಕೀಮ್ ಅಂತ ಇತ್ತು, 2024ರ ಫೆಬ್ರವರಿ 19ರಂದು ಮುನ್ಸೂಚನೆ ಇಲ್ದೆ ಮುಚ್ಚಿದ್ರು. ಎಷ್ಟೋ ಮನೆಗಳು ಅವತ್ತು ಅರ್ಧಕ್ಕೆ ನಿಂತ್ವು, ಅದು ನ್ಯಾಯವಾದ ಕೆಲಸ ಅಂತ ನನಗೆ ಇವತ್ತಿಗೂ ಅನ್ಸಲ್ಲ. ಈಗ ಹೊರಗಿಂದ ಬರೋರಿಗೆ ಉಳಿದಿರೋದು ಹೋಮ್ಸ್ ಫಾರ್ ಉಕ್ರೇನ್ ಅನ್ನೋ ಸ್ಪಾನ್ಸರ್ ಸ್ಕೀಮ್ ಒಂದೇ. 2022ರಲ್ಲಿ ಮೂರು ವರ್ಷ ಕೊಡ್ತಿದ್ರು, ಈಗ 18 ತಿಂಗಳು. ಅರ್ಜಿಗೆ ಫೀಸ್ ಇಲ್ಲ, ಹೆಲ್ತ್ ಸರ್‌ಚಾರ್ಜ್ ಇಲ್ಲ.

ಅರ್ಜಿ ಹಾಕೋರು 2022ರ ಜನವರಿ 1ಕ್ಕೆ ಮುಂಚೆ ಉಕ್ರೇನಲ್ಲಿ ವಾಸ ಇದ್ದ ಉಕ್ರೇನಿಯನ್ ಆಗಿರಬೇಕು, ಅಥವಾ ಅಂಥವರ ಹತ್ತಿರದ ಕುಟುಂಬದವರು. ಅರ್ಜಿ ಬ್ರಿಟನ್ ಹೊರಗಿಂದ ಹಾಕಬೇಕು. ಸ್ಪಾನ್ಸರ್ ಆಗೋಕೆ ಬ್ರಿಟಿಷ್ ಅಥವಾ ಐರಿಷ್ ಪ್ರಜೆ ಆಗಿರಬೇಕು, ಇಲ್ಲಾ ಅಲ್ಲಿ ಖಾಯಂ ವಾಸದ ಹಕ್ಕು ಇರಬೇಕು. ಅಂದ್ರೆ ಐಎಲ್‌ಆರ್ (ಆ ಖಾಯಂ ವಾಸದ ಅನುಮತಿ) ಸಿಕ್ಕಿರೋ ನಮ್ಮ ಕನ್ನಡದವರು ಸ್ಪಾನ್ಸರ್ ಆಗಬಹುದು, ವರ್ಕ್ ವೀಸಾದಲ್ಲಿ ಇರೋರು ಈಗ ಆಗಲ್ಲ. ಮನೇಲಿ ಕನಿಷ್ಠ ಆರು ತಿಂಗಳು ಜಾಗ ಕೊಡಬೇಕು, ಕೌನ್ಸಿಲ್‌ನವರು (ಊರಿನ ಸ್ಥಳೀಯ ಆಡಳಿತ) ಮನೆ ನೋಡೋಕೆ ಬರ್ತಾರೆ, ಮನೇಲಿರೋ ದೊಡ್ಡವರ ಪೊಲೀಸ್ ದಾಖಲೆ ಚೆಕ್ ಮಾಡ್ತಾರೆ. ಸ್ಪಾನ್ಸರ್ ಕೈಗೆ ತಿಂಗಳಿಗೆ 350 ಪೌಂಡ್ ಬರುತ್ತೆ, ಇಟ್ಕೊಂಡವರಿಂದ ಬಾಡಿಗೆ ತಗೊಳ್ಳೋ ಹಾಗಿಲ್ಲ.

2025ರ ಜನವರಿ ಕೊನೆಯಲ್ಲಿ ಒಂದು ಒಳ್ಳೇ ಬದಲಾವಣೆ ಬಂತು. ಈಗಾಗ್ಲೇ ಉಕ್ರೇನ್ ವೀಸಾದಲ್ಲಿ ಬ್ರಿಟನ್‌ನಲ್ಲಿರೋ ಅಪ್ಪ ಅಥವಾ ಅಮ್ಮನೇ, ಹಿಂದೆ ಉಳಿದಿರೋ 18ರೊಳಗಿನ ತಮ್ಮ ಮಗುಗೆ ಸ್ಪಾನ್ಸರ್ ಆಗಬಹುದು. ಇದಕ್ಕೆ ಮುಂಚೆ ಹೆತ್ತ ತಾಯಿ ತನ್ನ ಮಗೂನ ಕರೆಸ್ಕೊಳ್ಳೋಕೆ ಬೇರೆ ಬ್ರಿಟಿಷ್ ಮನೆಯವರ ಕೈಕಾಲು ಹಿಡೀಬೇಕಿತ್ತು.

ಮಗು ಅಪ್ಪ ಅಮ್ಮ ಇಬ್ಬರೂ ಇಲ್ದೆ ಬರೋದಾದ್ರೆ (ಅಜ್ಜಿ, ಚಿಕ್ಕಮ್ಮನ ಜೊತೆ ಬಂದ್ರೂ ಇದೇ ಲೆಕ್ಕ) ಕ್ರಮ ಬೇರೆ. ಇದನ್ನ 2022ರ ಬೇಸಿಗೆಯಲ್ಲಿ ಶುರು ಮಾಡಿದ್ದು, ಅದಕ್ಕೆ ಮುಂಚೆ ಇಂಥ ಮಕ್ಕಳ ಅರ್ಜಿಗಳು ಸುಮ್ನೆ ಕೊಳೀತಿದ್ವು. ಎರಡು ಒಪ್ಪಿಗೆ ಪತ್ರ ಬೇಕು. ಒಂದರಲ್ಲಿ ಮಗು ಉಕ್ರೇನ್ ಬಿಟ್ಟು ಈ ಸ್ಪಾನ್ಸರ್ ಹತ್ರ ಇರೋಕೆ ಪೋಷಕರು ಒಪ್ಪಿದ್ದಾರೆ ಅಂತ, ಅದನ್ನ ಉಕ್ರೇನಿನ ಅಧಿಕೃತರಿಂದ ದೃಢೀಕರಿಸಿರಬೇಕು. ಇನ್ನೊಂದು ಪೋಷಕರು, ಸ್ಪಾನ್ಸರ್ ಇಬ್ಬರೂ ಸಹಿ ಹಾಕೋ ಬ್ರಿಟನ್ ಸರ್ಕಾರದ ಫಾರ್ಮ್. ಸ್ಪಾನ್ಸರ್ ಸಾಮಾನ್ಯವಾಗಿ ಆ ಕುಟುಂಬಕ್ಕೆ ಮುಂಚಿಂದ ಗೊತ್ತಿರೋರಾಗಿರಬೇಕು, ಫೇಸ್‌ಬುಕ್ಕಲ್ಲಿ ಸಿಕ್ಕವರಿಗೆ ಒಂಟಿ ಮಗೂನ ಕೊಡಲ್ಲ. ಕೌನ್ಸಿಲ್ ತಪಾಸಣೆ ಮುಗಿದು ಅವರು ಸರಿ ಅಂದ್ಮೇಲೇ ವೀಸಾ, ಅವರು ಬೇಡ ಅಂದ್ರೆ ಇಲ್ಲ. ತಡ ಆಗುತ್ತೆ, ಆದ್ರೆ ಈ ತಡ ಮಗುವಿನ ಒಳ್ಳೇದಕ್ಕೇ ಇರೋದು. ಸ್ಪಾನ್ಸರ್ ಆಗೋರು ಆರು ತಿಂಗಳ ಅತಿಥಿ ಅಂತ ಅಂದ್ಕೋಬೇಡಿ, ಮಗುಗೆ 18 ಆಗೋ ತನಕ ಹೋಗಬಹುದಾದ ಜವಾಬ್ದಾರಿ ಇದು. ಜ್ವರ ಬಂದ ರಾತ್ರಿ, ಪೇರೆಂಟ್ಸ್ ಮೀಟಿಂಗ್, ಊರಲ್ಲಿ ಬಾಂಬ್ ಬಿದ್ದ ಸುದ್ದಿ ಬಂದ ದಿನ, ಎಲ್ಲಕ್ಕೂ ನೀವೇ ಇರ್ತೀರಿ. ಗಂಡ ಹೆಂಡತಿ ಕೂತು ಮಾತಾಡಿ ಆಮೇಲೆ ಒಪ್ಕೊಳ್ಳಿ.

ಒಳಗಿರೋರಿಗೆ ನವೀಕರಣ: 2025ರ ಫೆಬ್ರವರಿ 4ರಿಂದ ಪರ್ಮಿಷನ್ ಎಕ್ಸ್‌ಟೆನ್ಷನ್ ಸ್ಕೀಮ್ ಶುರುವಾಗಿದೆ, 18 ತಿಂಗಳು ಸಿಗುತ್ತೆ, ಅದಾದ್ಮೇಲೆ ಇನ್ನೂ 24 ತಿಂಗಳು ಕೊಡ್ತೀವಿ ಅಂತ ಸರ್ಕಾರ ಹೇಳಿದೆ. ಪ್ರತಿಯೊಬ್ಬರದ್ದೂ ಬೇರೆ ಅರ್ಜಿ, ಎರಡು ವರ್ಷದ ಮಗುದೂ ಬೇರೆ. ಅಮ್ಮ ತನ್ನದು ಹಾಕಿ ಮಗು ತಾನಾಗೇ ಸೇರುತ್ತೆ ಅಂದ್ಕೊಂಡ್ರೆ ಮಗುವಿನ ಪರ್ಮಿಷನ್ ಮುಗಿದುಹೋಗುತ್ತೆ. ಈ ದಾರಿಯಿಂದ ಖಾಯಂ ವಾಸ ಸಿಗಲ್ಲ ಅನ್ನೋದೂ ಗೊತ್ತಿರಲಿ.

ಹಂತ 5: ಕೆನಡಾ, ಅಮೆರಿಕ

ಇಲ್ಲಿ ಆಸೆ ಹುಟ್ಟಿಸೋರು ಬಹಳ ಇದ್ದಾರೆ, ಅದಕ್ಕೇ ನೇರವಾಗಿ ಹೇಳ್ತೀನಿ. ಕೆನಡಾದ ತುರ್ತು ಪ್ರಯಾಣ ಸ್ಕೀಮ್‌ಗೆ ಹೊರಗಿಂದ ಅರ್ಜಿ ಹಾಕೋದು 2023ರ ಜುಲೈ 15ಕ್ಕೇ ಮುಗೀತು, ವೀಸಾ ಸಿಕ್ಕವರೂ 2024ರ ಮಾರ್ಚ್ 31ರೊಳಗೆ ಬಂದಿದ್ರೆ ಮಾತ್ರ ಅದರ ಅನುಕೂಲ. ಈಗ ಹೊಸಬರಿಗೆ ಮಾಮೂಲಿ ವಿಸಿಟರ್, ಸ್ಟಡಿ, ವರ್ಕ್ ವೀಸಾ. ಅಮೆರಿಕದ ಯುನೈಟಿಂಗ್ ಫಾರ್ ಉಕ್ರೇನ್ 2022ರ ಏಪ್ರಿಲ್‌ನಲ್ಲಿ ಶುರುವಾಗಿ 2025ರ ಜನವರಿಯಲ್ಲಿ ನಿಂತುಹೋಯ್ತು. ಅದು ಇದ್ದಾಗಲೂ ಪೋಷಕರಿಲ್ದ ಮಗುಗೆ ಅದರಲ್ಲಿ ಜಾಗ ಇರಲಿಲ್ಲ. ಈ ಎರಡು ದೇಶಕ್ಕೆ "ಸ್ಪೆಷಲ್ ಉಕ್ರೇನ್ ವೀಸಾ ಮಾಡಿಸ್ಕೊಡ್ತೀವಿ" ಅಂತ ಈಗ ದುಡ್ಡು ಕೇಳೋ ಏಜೆಂಟ್ ಮೋಸಗಾರ, ಅಷ್ಟೇ.

ಹಂತ 6: ತಾತ್ಕಾಲಿಕ ರಕ್ಷಣೆಯಾ, ಆಶ್ರಯವಾ?

ಕೆಲವರು ಖಾಯಂ ಇರಲಿ ಅಂತ ನೇರ ಅಸೈಲಮ್ (ನಿರಾಶ್ರಿತರಾಗಿ ಆಶ್ರಯ ಕೇಳೋ) ಅರ್ಜಿ ಹಾಕೋಕೆ ಹೊರಡ್ತಾರೆ. ಹಾಕೋ ಹಕ್ಕು ಇದೆ, ತಪ್ಪೇನಿಲ್ಲ. ಆದ್ರೆ ಅರ್ಜಿ ನಡೀವಾಗ ಪಾಸ್‌ಪೋರ್ಟ್ ಅವರ ಹತ್ರ ಇರುತ್ತೆ, ಕೆಲಸಕ್ಕೆ ಕಾಯಬೇಕಾಗುತ್ತೆ, ನಿರಾಶ್ರಿತ ಅಂತ ಮಾನ್ಯತೆ ಸಿಕ್ಕಿದ್ಮೇಲೆ ಅಪ್ಪನನ್ನ ನೋಡೋಕೆ ಅಂತ ಉಕ್ರೇನಿಗೆ ಹೋಗಿಬಂದ್ರೆ ಆ ಮಾನ್ಯತೆಗೇ ಕುತ್ತು ಬರಬಹುದು. ಮನೇಲಿ ಯಾರೋ ಒಬ್ಬರು ಅಲ್ಲೇ ಉಳಿದಿರೋ ಕುಟುಂಬಕ್ಕೆ ತಾತ್ಕಾಲಿಕ ರಕ್ಷಣೆನೇ ಸರಿ ಅಂತ ನನ್ನ ಅಭಿಪ್ರಾಯ. ಅಸೈಲಮ್ ಯೋಚನೆ ಇದ್ರೆ ವಕೀಲರನ್ನ ಕೇಳದೆ ಒಂದು ಹೆಜ್ಜೆನೂ ಇಡಬೇಡಿ.

ದಾರಿಯಲ್ಲಿ ಮಗುವಿನ ಸುರಕ್ಷತೆ

ಮೇಲೆ ಹೇಳಿದ ಉಕ್ರೇನ್ ಸ್ಕೀಮ್‌ಗಳ ಅರ್ಜಿಗೆ ದುಡ್ಡಿಲ್ಲ, ಕೇಳಿದ್ರೆ ಅಲ್ಲೇ ಅನುಮಾನ ಪಡಿ. ಪಾಸ್‌ಪೋರ್ಟ್ ಯಾರ ಕೈಗೂ ಕೊಟ್ಟು ಬಿಡಬೇಡಿ. ಗೊತ್ತಿಲ್ದವರ ಕಾರು ಹತ್ತಬೇಕಾಗಿ ಬಂದ್ರೆ ನಂಬರ್ ಪ್ಲೇಟ್, ಡ್ರೈವರ್ ಗುರುತಿನ ಚೀಟಿ ಫೋಟೋ ತೆಗೆದು ಮನೆಯವರಿಗೆ ಕಳಿಸಿ ಆಮೇಲೆ ಹತ್ತಿ, ಒಳ್ಳೆಯವರು ಇದಕ್ಕೆ ಬೇಜಾರು ಮಾಡ್ಕೊಳ್ಳಲ್ಲ. ಚಿಕ್ಕ ಮಗು ಆದ್ರೆ ಒಳ ಜೇಬಲ್ಲಿ ಹೆಸರು, ಹುಟ್ಟಿದ ದಿನ, ಅಮ್ಮನ ಫೋನ್ ನಂಬರ್ ಬರೆದ ಚೀಟಿ ಇಟ್ಟು ಹೊಲಿದುಬಿಡಿ, ಬ್ಯಾಗಲ್ಲಿ ಬೇಡ, ಬ್ಯಾಗ್ ಕಳೆಯುತ್ತೆ. ಲಸಿಕೆ ಕಾರ್ಡ್ (ಉಕ್ರೇನಲ್ಲಿ ಅದಕ್ಕೆ 063 ನಂಬರಿನ ಫಾರ್ಮ್ ಅಂತಾರೆ), ಔಷಧಿ ಚೀಟಿ, ಸ್ಕೂಲ್ ಮಾರ್ಕ್ಸ್ ಕಾರ್ಡ್ ಎಲ್ಲದರ ಫೋಟೋ ಈಮೇಲಲ್ಲಿ ಇರಲಿ. ಉಕ್ರೇನ್ ಸರ್ಕಾರದ ದಿಯಾ ಆಪ್‌ನಲ್ಲಿರೋ ಡಿಜಿಟಲ್ ಕಾಗದ ಉಕ್ರೇನ್ ಒಳಗೆ ಚೆನ್ನಾಗಿ ನಡೆಯುತ್ತೆ, ಹೊರಗೆ ಅದನ್ನೇ ನಂಬ್ಕೊಂಡು ಬರಬೇಡಿ.

ಗಡಿ ಹತ್ರ ಯುನಿಸೆಫ್, ಯುಎನ್‌ಎಚ್‌ಸಿಆರ್ ನಡೆಸೋ ನೀಲಿ ಚುಕ್ಕೆ ಗುರುತಿನ ಬ್ಲೂ ಡಾಟ್ ಕೇಂದ್ರಗಳು ಕಂಡ್ರೆ ಹಿಂಜರೀದೆ ಹೋಗಿ ಕೇಳಿ. ಯುರೋಪಲ್ಲಿ ತುರ್ತಿಗೆ 112, ಮಗು ಕಾಣೆಯಾದ್ರೆ 116000. ಉಕ್ರೇನ್ ಒಳಗೆ ಮೊಬೈಲಿಂದ 527ಕ್ಕೆ ಮಾಡಿದ್ರೆ ಮಾನವ ಸಾಗಣೆ ತಡೆ, ವಲಸೆ ಸಲಹೆ ಉಚಿತವಾಗಿ ಸಿಗುತ್ತೆ.

ಕೊನೇದಾಗಿ, ಎಲ್ಲಿ ನೆಲೆ ಸಿಕ್ಕಿದ್ರೂ ಮಗುವಿನ ಪಾಸ್‌ಪೋರ್ಟ್ ಮೇಲೆ ಕಣ್ಣಿರಲಿ. 16ರೊಳಗಿನವರ ಉಕ್ರೇನ್ ಪಾಸ್‌ಪೋರ್ಟ್ ನಾಲ್ಕೇ ವರ್ಷಕ್ಕೆ ಮುಗಿಯುತ್ತೆ, ಅಂದ್ರೆ 2022ರಲ್ಲಿ ಹೊರಟಾಗ ಹೊಸದಾಗಿ ಮಾಡಿಸಿದ್ದೂ ಹೆಚ್ಚಂದ್ರೆ 2026ರ ತನಕ. ಕಾನ್ಸುಲೇಟಲ್ಲಿ ಅಪಾಯಿಂಟ್‌ಮೆಂಟ್ ಸಿಗೋದು ಸುಲಭ ಅಲ್ಲ. ಅವಧಿ ಮುಗಿಯೋಕೆ ಆರು ತಿಂಗಳು ಇರುವಾಗ್ಲೇ ಅರ್ಜಿ ಶುರು ಮಾಡಿ, ಅಜ್ಜಿ ಚಿಕ್ಕಮ್ಮನ ಜೊತೆ ಇರೋ ಮಗು ಆಗಿದ್ರೆ ಎರಡನೇ ಹಂತದಲ್ಲಿ ಹೇಳಿದ ಆ ಪತ್ರದಲ್ಲಿ ಪಾಸ್‌ಪೋರ್ಟ್ ಅರ್ಜಿಯ ಅಧಿಕಾರ ಇದೆಯಾ ಅಂತ ಇವತ್ತೇ ತೆಗೆದು ನೋಡಿ.